ಹಾಕಿದ್ದು ಎಂಟು, ಸಿಕ್ಕಿದ್ದು ನಾಲ್ಕು

ಲ್ಯಾಪ್‌ಟಾಪ್‌ನಲ್ಲಿರುವ ಮೆಮೊರಿಯೆಲ್ಲ ಬಳಕೆಗೆ ಸಿಗುತ್ತಿಲ್ಲ ಎಂಬ ದೂರು ಈ ಸಲ ಬಂದ ಪ್ರಶ್ನೆಗಳಲ್ಲೇ ಹೆಚ್ಚು. ದೂರು ಒಂದೇ ಆದರೂ ಕಾರಣ ಒಬ್ಬೊಬ್ಬರದು ಒಂದೊಂದು. ಹಾಗಾಗಿ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ 4 ಜಿಬಿಯ ಒಂದು ರ್‍ಯಾಮ್ ಸ್ಟಿಕ್ ಇತ್ತು. ಅಷ್ಟೇ ಗಾತ್ರದ ಇನ್ನೊಂದನ್ನು ಖಾಲಿ ಸ್ಲಾಟ್‌ಗೆ ಹಾಕಿದೆ. ವಿಂಡೋಸ್ 10, 64-ಬಿಟ್. ಸಿಸ್ಟಂ ಪುಟದಲ್ಲಿ ‘ಇನ್‌ಸ್ಟಾಲ್ಡ್ ರ್‍ಯಾಮ್ 8.00 ಜಿಬಿ (3.88 ಜಿಬಿ ಯೂಸಬಲ್)’ ಎಂದು ಬರುತ್ತಿದೆ. ಎಂಟೂ ಕಾಣುತ್ತಿದೆ ಎಂದಮೇಲೆ ಸ್ಟಿಕ್ ಸರಿಯಿದೆ ಎಂದೇ ಅಲ್ಲವೆ? ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡಬೇಕೆ?

ಉತ್ತರ: ವಿಂಡೋಸ್‌ಗೆ ಈಗಲೇ ಕೈ ಹಾಕಬೇಡಿ. ಆ ಸಾಲಿನ ಎರಡು ಅಂಕಿಗಳು ಎರಡು ಬೇರೆ ಕಡೆಯಿಂದ ಬಂದವು. ಪ್ರತಿ ಸ್ಟಿಕ್ ಮೇಲೂ ಅದರ ಗಾತ್ರ, ವೇಗ, ತಯಾರಕರ ಹೆಸರು ಬರೆದಿಟ್ಟ ಪುಟ್ಟ ಚಿಪ್ ಒಂದಿರುತ್ತದೆ, ಎಸ್‌ಪಿಡಿ ಎನ್ನುತ್ತಾರೆ. ಬಯಾಸ್ (ವಿಂಡೋಸ್‌ಗಿಂತ ಮೊದಲೇ ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಅದನ್ನು ಓದಿ ‘ಇಷ್ಟು ಹಾಕಿದ್ದಾರೆ’ ಎಂದು ಪಟ್ಟಿ ಮಾಡುತ್ತದೆ. 8.00 ಆ ಪಟ್ಟಿಯ ಮಾತು. ಆಮೇಲೆ ಬಯಾಸ್ ನಿಜವಾದ ಮೆಮೊರಿ ಚಿಪ್‌ಗಳನ್ನು ಮಾತಾಡಿಸಿ, ಉತ್ತರ ಕೊಟ್ಟವುಗಳನ್ನು ಮಾತ್ರ ಸೇರಿಸಿ ಮೆಮೊರಿಯ ಯಾವ ಭಾಗಕ್ಕೆ ಯಾವ ಸಂಖ್ಯೆ ಎಂದು ಹೇಳುವ ವಿಳಾಸಗಳ ನಕ್ಷೆಯೊಂದನ್ನು ಆಪರೇಟಿಂಗ್ ಸಿಸ್ಟಂಗೆ ಒಪ್ಪಿಸುತ್ತದೆ. 3.88 ಬಂದದ್ದು ಆ ನಕ್ಷೆಯಿಂದ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಆಳು ಕೆಲಸಕ್ಕೆ ಬಂದಿಲ್ಲ. ನಿಮ್ಮಲ್ಲಿ ಆಗಿರುವುದು ಇದೇ ಇರಬಹುದು.

ಆದ್ದರಿಂದ ಮೊದಲು ಅಂಕಿ ಯಾವ ಹಂತದಲ್ಲಿ ಕಡಿಮೆಯಾಯಿತು ಎಂದು ಪತ್ತೆ ಮಾಡಿ. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಎಫ್2, ಎಫ್10 ಅಥವಾ ಡಿಲೀಟ್ ಕೀ ಒತ್ತಿ ಬಯಾಸ್‌ಗೆ ಹೋಗಿ ನೋಡಿ. ಅಲ್ಲೇ 4096 ಎಂಬಿ ಎಂದಿದ್ದರೆ ವಿಂಡೋಸ್ ನಿರಪರಾಧಿ. 8192 ಎಂದಿದ್ದರೂ ಪೂರ್ತಿ ನಂಬಬೇಡಿ. ಕೆಲವು ಬಯಾಸ್‌ಗಳು ಹಾಜರಿ ಪುಸ್ತಕವನ್ನೇ ಓದಿ ಹೇಳುತ್ತವೆ. ಅನುಮಾನಕ್ಕೆ ಎಡೆಯಿಲ್ಲದ ಸಾಕ್ಷಿ ಬೇಕೆಂದರೆ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಿ. ವಿಂಡೋಸ್‌ನ ಗೊಡವೆಯೇ ಇಲ್ಲದೆ ಓಡುವ ಈ ಪರೀಕ್ಷೆ, ತೆರೆಯ ಮೇಲ್ಭಾಗದಲ್ಲಿ ತನಗೆ ಎಷ್ಟು ಮೆಮೊರಿ ಸಿಕ್ಕಿತು ಎಂದು ತೋರಿಸುತ್ತದೆ. ಇದಕ್ಕಾಗಿ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶದಿಂದ ಬೂಟ್ ಆಗದಂತೆ ತಡೆಯುವ ಕಾವಲು) ಆಫ್ ಮಾಡಬೇಕಾಗಿ ಬರಬಹುದು. ನಿಮ್ಮ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಬಯಾಸ್‌ನಲ್ಲಿ ಏನಾದರೂ ಬದಲಾದರೆ ವಿಂಡೋಸ್ ಮುಂದಿನ ಸಲ ಅದನ್ನು ಕೇಳಬಹುದು. ಇಲ್ಲದಿದ್ದರೆ ರ್‍ಯಾಮ್ ಹುಡುಕಲು ಹೋಗಿ ಫೈಲ್‌ಗಳನ್ನೇ ಕಳೆದುಕೊಂಡ ಹಾಗಾಗುತ್ತದೆ.

ಮೆಮ್‌ಟೆಸ್ಟ್‌ಗೆ ಎಂಟೂ ಸಿಕ್ಕಿ ವಿಂಡೋಸ್‌ಗೆ ಮಾತ್ರ ನಾಲ್ಕೇ ಸಿಕ್ಕರೆ ತಪ್ಪು ವಿಂಡೋಸ್‌ನದು. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಎಂಎಸ್‌ಕಾನ್ಫಿಗ್ (msconfig) ಎಂದು ಬರೆದು ತೆರೆದು, ಬೂಟ್ ಟ್ಯಾಬ್‌ನ ಅಡ್ವಾನ್ಸ್‌ಡ್ ಆಪ್ಷನ್ಸ್‌ಗೆ ಹೋಗಿ. ‘ಮ್ಯಾಕ್ಸಿಮಂ ಮೆಮೊರಿ’ ಎಂಬುದರ ಮುಂದೆ ಟಿಕ್ ಇದ್ದರೆ ತೆಗೆದು ರೀಸ್ಟಾರ್ಟ್ ಮಾಡಿ. ಇಲ್ಲಿ ಟಿಕ್ ಹಾಕಿ 8192 ಎಂದು ಬರೆಯಿರಿ ಎಂಬ ಸಲಹೆ ಬಹಳ ಕಡೆ ಓಡಾಡುತ್ತಿದೆ. ಅದು ಉಲ್ಟಾ ಸಲಹೆ. ಆ ಅಂಕಿ ಮೆಮೊರಿಯ ಪ್ರಮಾಣವಲ್ಲ, ವಿಳಾಸದ ಎಲ್ಲೆ. 4 ಜಿಬಿಯ ಕೆಳಗೆ ಒಂದಿಷ್ಟು ವಿಳಾಸಗಳು ಬೇರೆ ಸಾಧನಗಳಿಗೆ ಮೀಸಲಾಗಿರುವುದರಿಂದ ಅಷ್ಟು ಮೆಮೊರಿಯನ್ನು ಮೇಲಕ್ಕೆ, ಎಂಟರ ಗಡಿಯಾಚೆಗೆ ಸರಿಸಲಾಗಿರುತ್ತದೆ. ನೀವು 8192ಕ್ಕೆ ಬೇಲಿ ಹಾಕಿದರೆ ಆಚೆಗಿರುವ ಭಾಗ ಕೈಬಿಟ್ಟು ಹೋಗುತ್ತದೆ. ಆ ಟಿಕ್‌ನ ಜಾಗ ಖಾಲಿ ಇರುವುದೇ ಒಳ್ಳೆಯದು.

ಮೆಮ್‌ಟೆಸ್ಟ್‌ಗೂ ನಾಲ್ಕೇ ಸಿಕ್ಕರೆ ಸ್ಕ್ರೂಡ್ರೈವರ್ ತೆಗೆಯಿರಿ. ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಒತ್ತಿ. ಹಾಗೆ ಮಾಡಿದರಷ್ಟೇ ವಿಂಡೋಸ್ ಪೂರ್ತಿ ಆರುತ್ತದೆ, ಇಲ್ಲವಾದರೆ ಫಾಸ್ಟ್ ಸ್ಟಾರ್ಟಪ್‌ಗಾಗಿ ಅರೆನಿದ್ದೆಯಲ್ಲಿ ಇರುತ್ತದೆ. ಚಾರ್ಜರ್ ಕಿತ್ತು, ಬ್ಯಾಟರಿ ತೆಗೆಯಿರಿ. ಬ್ಯಾಟರಿ ಒಳಗಿದ್ದರೆ ಹಿಂಬದಿಯ ಮುಚ್ಚಳ ಬಿಚ್ಚಿದ ಕೂಡಲೇ ಅದರ ಕನೆಕ್ಟರನ್ನು ಬಿಡಿಸಿ. ಪವರ್ ಬಟನ್ನನ್ನು 15 ಸೆಕೆಂಡು ಒತ್ತಿ ಹಿಡಿದರೆ ಉಳಿದ ಚಾರ್ಜ್ ಇಳಿಯುತ್ತದೆ. ನೆಲದ ಸಂಪರ್ಕವಿರುವ, ಬಣ್ಣ ಬಳಿಯದ ಲೋಹ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನೂ ಇಳಿಸಿಕೊಳ್ಳಿ.

ಹೊಸ ಸ್ಟಿಕ್ ಅರ್ಧ ಕೂತಿರುವುದೇ ಇಂಥ ಪ್ರಕರಣಗಳಲ್ಲಿ ಮೊದಲ ಶಂಕಿತ. ಎರಡೂ ಬದಿಯ ಕೊಂಡಿಗಳನ್ನು ಹೊರಕ್ಕೆ ಸರಿಸಿದರೆ ಸ್ಟಿಕ್ ತಾನಾಗಿ ಮೇಲೇಳುತ್ತದೆ. ಬಂಗಾರದ ಬಣ್ಣದ ಅಂಚನ್ನು ಬೆರಳಿನಿಂದ ಮುಟ್ಟದೆ, ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಒರೆಸಿ, ಒಣಗಲು ಬಿಡಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ವಾಡಿಕೆಯೂ ಇದೆ. ಮೆದು ಬಿಳಿ ರಬ್ಬರಾದರೆ ಮೆಲ್ಲಗೆ ಒಂದೆರಡು ಸಲ ಸಾಕು, ಉದುರಿದ ಪುಡಿ ಸ್ಲಾಟ್‌ಗೆ ಬೀಳಬಾರದು. ಸ್ಲಾಟ್‌ನ ಒಳಗೆ ಗಾಳಿ ಊದುವ ಡಬ್ಬಿ ಬಿಟ್ಟರೆ ಬೇರೇನೂ ಹೋಗಕೂಡದು. ಮರಳಿ ಹಾಕುವಾಗ ಸುಮಾರು 30 ಡಿಗ್ರಿ ಓರೆಯಾಗಿ, ಸ್ಟಿಕ್‌ನ ಕಚ್ಚು ಸ್ಲಾಟ್‌ನ ಉಬ್ಬಿಗೆ ಹೊಂದುವಂತೆ, ಪೂರ್ತಿ ಒಳಕ್ಕೆ ನೂಕಿ. ಆಮೇಲಷ್ಟೇ ಕೆಳಕ್ಕೆ ಒತ್ತಿ; ಎರಡೂ ಬದಿಯಲ್ಲಿ ‘ಟಿಕ್’ ಎನ್ನಬೇಕು. ಬಂಗಾರದ ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಕಂಡರೆ ಅದು ಸೊಟ್ಟಗೆ ಕೂತಿದೆ ಎಂದೇ ತಿಳಿಯಿರಿ. ಮೆಮೊರಿ ಬದಲಾದ ಮೇಲೆ ಮೊದಲ ಸಲ ಆನ್ ಮಾಡಿದಾಗ ತೆರೆ ಕಪ್ಪಾಗಿಯೇ ಇದ್ದು ಒಂದೆರಡು ಬಾರಿ ತಾನೇ ರೀಸ್ಟಾರ್ಟ್ ಆಗಬಹುದು. ಹೊಸ ತಲೆಮಾರಿನ ಡಿಡಿಆರ್5 ಮೆಮೊರಿ ಇರುವ ಯಂತ್ರಗಳಲ್ಲಿ ಕೆಲವು ನಿಮಿಷವೇ ಹಿಡಿಯಬಹುದು. ಗಾಬರಿಯಾಗಿ ನಡುವೆ ಆಫ್ ಮಾಡಬೇಡಿ.

ಇಷ್ಟಾದರೂ ನಾಲ್ಕೇ ಬಂದರೆ ಅದಲುಬದಲು ಪರೀಕ್ಷೆ. ಹಳೆಯದನ್ನು ಒಂದೊಂದೇ ಸ್ಲಾಟ್‌ನಲ್ಲಿ ಒಂಟಿಯಾಗಿ ಹಾಕಿ ನೋಡಿ, ಹೊಸದನ್ನೂ ಹಾಗೆಯೇ; ಒಟ್ಟು ನಾಲ್ಕು ಸಲ. ಹೊಸದು ಎರಡು ಕಡೆಯೂ ಏಳದೆ ಹಳೆಯದು ಎರಡು ಕಡೆಯೂ ಎದ್ದರೆ ಹೊಸ ಸ್ಟಿಕ್ ಕೆಟ್ಟಿದೆ, ಇಲ್ಲವೇ ಈ ಯಂತ್ರಕ್ಕೆ ಒಗ್ಗುವ ಬಗೆಯದಲ್ಲ. ಎರಡೂ ಮೊದಲ ಸ್ಲಾಟ್‌ನಲ್ಲಿ ಎದ್ದು, ಎರಡನೆಯದರಲ್ಲಿ ಯಾವುದೂ ಏಳದಿದ್ದರೆ ಸ್ಲಾಟ್ ಮೇಲೆ ಅನುಮಾನ ಪಡಿ. ಆದರೆ ಎರಡನೆಯ ಸ್ಲಾಟ್ ಒಂದರಲ್ಲೇ ಸ್ಟಿಕ್ ಇದ್ದರೆ ಶುರುವೇ ಆಗದ ಮಾದರಿಗಳೂ ಇವೆ. ಬರೀ ಕಪ್ಪು ತೆರೆ ನೋಡಿ ತೀರ್ಪು ಕೊಡಬೇಡಿ, ಮೊದಲನೆಯದರಲ್ಲಿ ಹೊಸದು, ಎರಡನೆಯದರಲ್ಲಿ ಹಳೆಯದು ಇಟ್ಟೂ ನೋಡಿ. ಒಂಟಿಯಾಗಿ ಎಲ್ಲ ಕಡೆಯೂ ಸರಿಯಿದ್ದು ಜೋಡಿಯಾದಾಗ ಮಾತ್ರ ಕೈಕೊಟ್ಟರೆ ಎರಡಕ್ಕೂ ಹೊಂದಾಣಿಕೆಯಿಲ್ಲ. ಬಯಾಸ್‌ನಲ್ಲಿ ಡೀಫಾಲ್ಟ್‌ಗೆ ಮರಳಿಸಿ, ತಯಾರಕರ ತಾಣದಲ್ಲಿ ನಿಮ್ಮ ಮಾದರಿಗೆ ಹೊಸ ಬಯಾಸ್ ಇದ್ದರೆ ಹಾಕಿ. ಅದೂ ಫಲಿಸದಿದ್ದರೆ ಒಂದೇ ಬಗೆಯ ಎರಡು ಸ್ಟಿಕ್ ಇರುವ ಜೋಡಿಯೇ ದಾರಿ.

ಸ್ಲಾಟೇ ಸತ್ತಿದ್ದರೆ? ಮದರ್‌ಬೋರ್ಡ್ ರಿಪೇರಿಗೆ ಇಳಿಯುವ ಮೊದಲು ಒಂದು ಲೆಕ್ಕ ಹಾಕಿ. ಸರಿಯಿರುವ ಸ್ಲಾಟ್‌ಗೆ 8 ಜಿಬಿಯ ಒಂದೇ ಸ್ಟಿಕ್ ಹಾಕಿದರೆ ನಿಮಗೆ ಬೇಕಾದ ಪ್ರಮಾಣ ಸಿಕ್ಕಿಬಿಡುತ್ತದೆ. ಎರಡು ಸ್ಟಿಕ್‌ಗಳಿಂದ ಏಕಕಾಲಕ್ಕೆ ಓದುವ, ಎರಡು ಚಾನೆಲ್‌ಗಳ ವೇಗ ಹೋಗುತ್ತದೆ ನಿಜ. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ನಲ್ಲೇ ಗೇಮ್ ಆಡುವವರಿಗೆ ಅದು ಗೊತ್ತಾಗುತ್ತದೆ, ಬರೆಯುವ ಓದುವ ಕೆಲಸಕ್ಕೆ ಅಷ್ಟಾಗಿ ಗೊತ್ತಾಗದು.

ಪ್ರಶ್ನೆ: 16 ಜಿಬಿ ಎಂದು ಕೊಂಡ ಲ್ಯಾಪ್‌ಟಾಪ್ 15.8 ಜಿಬಿ ಯೂಸಬಲ್ ಎನ್ನುತ್ತಿದೆ. ಮೋಸವೆ?

ಉತ್ತರ: ಅಲ್ಲ. ಬಯಾಸ್, ಗ್ರಾಫಿಕ್ಸ್ ಮುಂತಾದವು ಎತ್ತಿಟ್ಟುಕೊಂಡ ಪಾಲು ಅದು. ಒಂದೆರಡು ನೂರು ಎಂಬಿಗೆ ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್. 4 ಜಿಬಿ ಇದ್ದರೂ 2.96 ಜಿಬಿ ಮಾತ್ರ ಬಳಕೆಗೆ ಸಿಗುತ್ತಿದೆ. ವಿಂಡೋಸ್ 32-ಬಿಟ್ ಎಂದು ತೋರಿಸುತ್ತಿದೆ. 64-ಬಿಟ್‌ಗೆ ಬದಲಾದರೆ ಪೂರ್ತಿ ಸಿಗುವುದು ಖಚಿತವೆ? ಫೈಲ್‌ಗಳು ಉಳಿಯುತ್ತವೆಯೆ?

ಉತ್ತರ: ಫೈಲ್‌ಗಳ ವಿಷಯ ಮೊದಲು: 32ರಿಂದ 64ಕ್ಕೆ ಇದ್ದಲ್ಲೇ ಬಡ್ತಿ ಸಿಗುವುದಿಲ್ಲ, ಡ್ರೈವ್ ಅಳಿಸಿ ಹೊಸದಾಗಿಯೇ ಹಾಕಬೇಕು. ಬೇಕಾದ್ದನ್ನೆಲ್ಲ ಹೊರಗಿನ ಡಿಸ್ಕ್‌ಗೆ ನಕಲಿಸಿ, ಒಂದೆರಡು ಫೈಲ್ ತೆರೆದು ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಮುಂದುವರಿಯಿರಿ.

ಇನ್ನು ‘ಖಚಿತವೆ’ ಎಂಬ ಮಾತು. 32 ಬಿಟ್‌ಗಳಲ್ಲಿ ಬರೆಯಬಹುದಾದ ವಿಳಾಸಗಳು ಒಟ್ಟು 4,29,49,67,296. ಒಂದು ವಿಳಾಸಕ್ಕೆ ಒಂದು ಬೈಟ್, ಅಂದರೆ ಸರಿಯಾಗಿ 4 ಜಿಬಿ. ಈ ವಿಳಾಸಗಳೆಲ್ಲ ರ್‍ಯಾಮ್‌ಗೇ ಮೀಸಲಲ್ಲ. ಗ್ರಾಫಿಕ್ಸ್, ನೆಟ್‌ವರ್ಕ್ ಕಾರ್ಡ್, ಬಯಾಸ್ ಚಿಪ್ ಎಲ್ಲಕ್ಕೂ ಅದೇ ಸಾಲಿನ ಮೇಲ್ತುದಿಯಲ್ಲಿ ಜಾಗ ಕೊಡಬೇಕು. ಅವುಗಳಿಗೆ ಒಂದು ಜಿಬಿಯಷ್ಟು ವಿಳಾಸ ಹೋದರೆ, ಅಲ್ಲಿರಬೇಕಾಗಿದ್ದ ಒಂದು ಜಿಬಿ ರ್‍ಯಾಮ್‌ಗೆ ಮನೆ ಸಂಖ್ಯೆಯೇ ಇಲ್ಲದಂತಾಗುತ್ತದೆ. ಸಂಖ್ಯೆಯಿಲ್ಲದ ಮನೆಗೆ ಟಪಾಲು ಹೋಗುವುದುಂಟೆ! 64-ಬಿಟ್ ವ್ಯವಸ್ಥೆಯಲ್ಲಿ ಆ ಭಾಗವನ್ನು 4 ಜಿಬಿಯ ಆಚೆಗೆ ಸರಿಸಿ ಹೊಸ ಸಂಖ್ಯೆ ಕೊಡಬಹುದು. ಆದರೆ ಸರಿಸುವ ಕೆಲಸ ವಿಂಡೋಸ್‌ನದಲ್ಲ, ಮದರ್‌ಬೋರ್ಡಿನ ಚಿಪ್‌ಸೆಟ್ (ಪ್ರೊಸೆಸರ್, ಮೆಮೊರಿ, ಇತರ ಸಾಧನಗಳನ್ನು ಬೆಸೆಯುವ ಚಿಪ್‌ಗಳು) ಮತ್ತು ಬಯಾಸ್‌ನದು. ನಿಮ್ಮ ಪ್ರಶ್ನೆಯ ಉತ್ತರ ಅಡಗಿರುವುದು ಇಲ್ಲಿ.

ಎರಡು ವಿಷಯ ನೋಡಿಕೊಳ್ಳಿ. ಸೆಟ್ಟಿಂಗ್ಸ್‌ನ ಸಿಸ್ಟಂ, ಅಬೌಟ್ ಪುಟದಲ್ಲಿ ‘32-ಬಿಟ್ ಆಪರೇಟಿಂಗ್ ಸಿಸ್ಟಂ, ಎಕ್ಸ್64 ಆಧಾರಿತ ಪ್ರೊಸೆಸರ್’ ಎಂದಿದ್ದರೆ ಪ್ರೊಸೆಸರ್ ಸಿದ್ಧವಿದೆ. ಎಕ್ಸ್86 ಎಂದಿದ್ದರೆ ಇಲ್ಲಿಗೇ ಬಿಡಿ. ಆಮೇಲೆ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ಮೇನ್‌ಬೋರ್ಡ್ ಟ್ಯಾಬ್‌ನಲ್ಲಿ ಚಿಪ್‌ಸೆಟ್ ಹೆಸರು ನೋಡಿ. 2006ರ ಹೊತ್ತಿನ ಇಂಟೆಲ್ 945 ಆಗಿದ್ದರೆ ಆಸೆ ಬಿಡಿ: ಆ ಚಿಪ್‌ಸೆಟ್‌ಗೇ 4 ಜಿಬಿಯಾಚೆ ವಿಳಾಸ ಗೊತ್ತಿಲ್ಲ. 64-ಬಿಟ್ ಹಾಕಿದರೂ ಮೂರು, ಮೂರೂ ಕಾಲು ಜಿಬಿಗೆ ನಿಲ್ಲುತ್ತದೆ. ಕೋರ್ 2 ಡ್ಯುಯೊ ಇದ್ದ ಎಷ್ಟೋ ಯಂತ್ರಗಳಲ್ಲಿ ಪ್ರೊಸೆಸರ್ 64-ಬಿಟ್, ಚಿಪ್‌ಸೆಟ್ 945, ನಿರಾಸೆಯಾಗುವುದು ಇವರಿಗೇ. ಅದರ ಮುಂದಿನ 965 ಸರಣಿಯಿಂದ ಈ ತೊಡಕಿಲ್ಲ. ಬಯಾಸ್‌ನಲ್ಲಿ ‘ಮೆಮೊರಿ ರೀಮ್ಯಾಪ್’ ಎಂಬ ಆಯ್ಕೆ ಕಂಡರೆ ಎನೇಬಲ್ ಮಾಡಿ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅದು ಕಾಣಿಸದೆ ತಾನಾಗಿ ಕೆಲಸ ಮಾಡುತ್ತಿರುತ್ತದೆ.

ಎರಡೂ ಸರಿಯಿದ್ದರೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಓಡಿಸಿ, ‘ಇನ್ನೊಂದು ಪಿಸಿಗಾಗಿ’ ಎಂಬ ಆಯ್ಕೆ ತೆಗೆದುಕೊಂಡು, ‘ಈ ಪಿಸಿಗೆ ಶಿಫಾರಸು ಮಾಡಿದ್ದು’ ಎಂಬ ಟಿಕ್ ತೆಗೆದು, 64-ಬಿಟ್ ಆರಿಸಿ. 8 ಜಿಬಿ ಪೆನ್‌ಡ್ರೈವ್ ಬೇಕು, ಅದರಲ್ಲಿರುವುದೆಲ್ಲ ಅಳಿಯುತ್ತದೆ. ಆ ಟಿಕ್ ತೆಗೆಯಲು ಮರೆತರೆ ಮತ್ತೆ 32-ಬಿಟ್ಟೇ ಕೈಗೆ ಬರುತ್ತದೆ. ಲೈಸೆನ್ಸ್ ಹಳೆಯದೇ ನಡೆಯುತ್ತದೆ, ಆವೃತ್ತಿ ಮಾತ್ರ ಅದೇ ಇರಬೇಕು. ಹೋಂ ಇದ್ದರೆ ಹೋಂ, ಪ್ರೊ ಇದ್ದರೆ ಪ್ರೊ. ಡ್ರೈವರ್‌ಗಳು 64-ಬಿಟ್‌ನವೇ ಬೇಕು. ಹಳೆಯ ಪ್ರಿಂಟರ್, ಸ್ಕ್ಯಾನರ್‌ಗಳಿಗೆ ಅವು ಸಿಗುತ್ತವೆಯೇ ಎಂದು ಅಳಿಸುವ ಮೊದಲೇ ಹುಡುಕಿ ಇಟ್ಟುಕೊಳ್ಳಿ. ಡಾಸ್ ಕಾಲದ 16-ಬಿಟ್ ಲೆಕ್ಕದ ತಂತ್ರಾಂಶ ಇನ್ನೂ ಬಳಸುತ್ತಿದ್ದರೆ ಅದು 64-ಬಿಟ್ ವಿಂಡೋಸ್‌ನಲ್ಲಿ ಓಡುವುದೇ ಇಲ್ಲ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಇಂಥ ಹಳೆಯ ಯಂತ್ರ ವಿಂಡೋಸ್ 11ರ ಅರ್ಹತೆಗೆ ನಿಲುಕುವುದಿಲ್ಲ. ಹೇಗೂ ಡ್ರೈವ್ ಅಳಿಸುತ್ತಿರುವಾಗ 64-ಬಿಟ್ ಲಿನಕ್ಸ್ ಹಾಕುವ ಬಗ್ಗೆಯೂ ಯೋಚಿಸಿ. ಮತ್ತೆ, 32-ಬಿಟ್ ವಿಂಡೋಸ್‌ಗೆ 4 ಜಿಬಿ ದಾಟಿಸುವ ‘ಪ್ಯಾಚ್’ ಎಂದು ಸಿಗುವ ಫೈಲ್‌ಗಳನ್ನು ಮುಟ್ಟಬೇಡಿ. 4 ಜಿಬಿ ಮೀರಿದ ಮೆಮೊರಿಗೂ ವಿಳಾಸ ಕೊಡುವ, 36 ಬಿಟ್‌ಗಳ ಪಿಎಇ ಎಂಬ ಉಪಾಯ ಪ್ರೊಸೆಸರ್‌ಗಳಲ್ಲಿ 1995ರ ಪೆಂಟಿಯಂ ಪ್ರೊ ಕಾಲದಿಂದಲೇ ಇದ್ದರೂ, 4 ಜಿಬಿ ಮೀರಿದ ವಿಳಾಸ ಕಂಡರೆ ಎಡವುವ ಡ್ರೈವರ್‌ಗಳಿಂದಾಗಿಯೇ ಸಾಮಾನ್ಯ ಬಳಕೆಯ ವಿಂಡೋಸ್‌ನಲ್ಲಿ ಆ ಮಿತಿ ಇಟ್ಟದ್ದು.

ಪ್ರಶ್ನೆ: ಎಎಂಡಿ ರೈಜನ್ ಲ್ಯಾಪ್‌ಟಾಪ್, 8 ಜಿಬಿ. 5.9 ಜಿಬಿ ಮಾತ್ರ ಯೂಸಬಲ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಶೇರ್ಡ್ ಜಿಪಿಯು ಮೆಮೊರಿ’ ಎಂದು ಇನ್ನೂ 2.9 ಜಿಬಿ ಇದೆ. ಹಾಗಾದರೆ ನನಗೆ ಉಳಿದದ್ದು ಬರೀ ಮೂರೇ?

ಉತ್ತರ: ಹೋದದ್ದು ಎರಡು ಜಿಬಿ ಮತ್ತು ಚಿಲ್ಲರೆ. ‘ಶೇರ್ಡ್’ ಎಂದಿರುವುದು ಕೊಟ್ಟ ಸಾಲವಲ್ಲ, ಸಾಲದ ಮಿತಿ. ಬಳಸಬಹುದಾದ ಮೆಮೊರಿಯ ಅರ್ಧದವರೆಗೆ ಬೇಕಾದಾಗ ಗ್ರಾಫಿಕ್ಸ್‌ಗೆ ಕೊಡಬಹುದು ಎಂದಷ್ಟೇ ಅದರ ಅರ್ಥ. ಬೇಡವಾದಾಗ ಅದು ನಿಮ್ಮದೇ.

ಮರಳಿ ಬಾರದಂತೆ ಕತ್ತರಿಸಿಕೊಂಡಿರುವುದು ‘ಹಾರ್ಡ್‌ವೇರ್ ರಿಸರ್ವ್ಡ್’ ಎಂಬ ಪಾಲು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಆರಿಸಿದರೆ ಬಲಗಡೆ ಕೆಳಗೆ ಅದು 2.1 ಜಿಬಿ ಆಸುಪಾಸು ಕಾಣಬೇಕು. ಜಿಪಿಯು ಪುಟದಲ್ಲಿ ‘ಡೆಡಿಕೇಟೆಡ್’ ಎಂದು 2 ಜಿಬಿ ಇದ್ದರೆ ಲೆಕ್ಕ ತಾಳೆಯಾಯಿತು. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದಕ್ಕೇ ಬಯಾಸ್ ಬೂಟ್ ಆಗುವಾಗಲೇ ರ್‍ಯಾಮ್‌ನಲ್ಲಿ ಒಂದು ತುಂಡು ತೆಗೆದಿಡುತ್ತದೆ.

ಕಡಿಮೆ ಮಾಡಬೇಕೆ? ಬಯಾಸ್‌ನ ಅಡ್ವಾನ್ಸ್‌ಡ್ ವಿಭಾಗದಲ್ಲಿ ‘ಯುಎಂಎ ಫ್ರೇಮ್ ಬಫರ್ ಸೈಜ್’ ಎಂಬುದನ್ನು ಹುಡುಕಿ, 512 ಎಂಬಿಗೆ ಇಳಿಸಿ. ಒಂದೂವರೆ ಜಿಬಿ ಮರಳುತ್ತದೆ. ದಾಖಲೆ, ವೀಡಿಯೊ, ಬ್ರೌಸರ್‌ಗೆ 512 ಧಾರಾಳ ಸಾಕು. ಕೆಲವು ಗೇಮ್‌ಗಳು ಮಾತ್ರ ‘ಡೆಡಿಕೇಟೆಡ್’ ಅಂಕಿ ನೋಡಿ ಓಡಲು ನಿರಾಕರಿಸಬಹುದು. ಬಹಳಷ್ಟು ತಯಾರಕರು ಈ ಆಯ್ಕೆಯನ್ನು ಬಯಾಸ್‌ನಲ್ಲಿ ಬಚ್ಚಿಡುತ್ತಾರೆ, ಅದು ನಿಜವಾಗಿಯೂ ಸಿಟ್ಟು ಬರಿಸುವ ಸಂಗತಿ. ಬಯಾಸನ್ನು ತಿದ್ದಿ ಅದನ್ನು ಹೊರಗೆಳೆಯುವ ತಂತ್ರಗಳು ಸಿಗುತ್ತವೆ. ಒಂದೂವರೆ ಜಿಬಿಗಾಗಿ ಬೋರ್ಡನ್ನೇ ಪಣಕ್ಕಿಡುವ ಬದಲು, ಖಾಲಿ ಸ್ಲಾಟ್ ಇದ್ದರೆ ಇನ್ನೊಂದು ಸ್ಟಿಕ್ ಹಾಕಿ. ಗ್ರಾಫಿಕ್ಸ್‌ಗೂ ಎರಡು ಚಾನೆಲ್ ಸಿಕ್ಕಿ ವೇಗ ಹೆಚ್ಚುತ್ತದೆ.

ಪ್ರಶ್ನೆ: ಮೊದಲ ತಲೆಮಾರಿನ ಕೋರ್ ಐ5 ಲ್ಯಾಪ್‌ಟಾಪ್‌ಗೆ 8 ಜಿಬಿಯ ಡಿಡಿಆರ್3 ಸ್ಟಿಕ್ ತಂದು ಹಾಕಿದರೆ ತೆರೆ ಬರುವುದೇ ಇಲ್ಲ. ಅದೇ ಸ್ಟಿಕ್ ಸ್ನೇಹಿತರ ನಾಲ್ಕನೆಯ ತಲೆಮಾರಿನ ಯಂತ್ರದಲ್ಲಿ ಓಡುತ್ತದೆ. 4 ಜಿಬಿಯದು ಹಾಕಿದರೂ 2 ಜಿಬಿ ಎಂದು ತೋರಿಸಿತು. ಸ್ಲಾಟ್ ಕೆಟ್ಟಿದೆಯೆ?

ಉತ್ತರ: ಸ್ಲಾಟ್ ಅಲ್ಲ, ಚಿಪ್‌ನ ಸಾಂದ್ರತೆ. ಸ್ಟಿಕ್‌ನ ಒಟ್ಟು ಗಾತ್ರವನ್ನಷ್ಟೇ ನೋಡಿ ಕೊಳ್ಳುವವರು ಎಡವುವುದು ಇಲ್ಲೇ. ಮೆಮೊರಿಯ ಓದು-ಬರಹ ನಿಭಾಯಿಸುವ ಮೆಮೊರಿ ಕಂಟ್ರೋಲರ್ ಮಾತಾಡುವುದು ಸ್ಟಿಕ್ ಮೇಲಿನ ಒಂದೊಂದು ಕಪ್ಪು ಚಿಪ್‌ನೊಡನೆ, ಮತ್ತು ಒಂದು ಚಿಪ್‌ನೊಳಗೆ ಎಷ್ಟು ಆಳಕ್ಕೆ ವಿಳಾಸ ಕಳಿಸಬಲ್ಲುದು ಎಂಬುದಕ್ಕೆ ಅದಕ್ಕೊಂದು ಮಿತಿ ಇದೆ.

ಲ್ಯಾಪ್‌ಟಾಪ್ ಸ್ಟಿಕ್‌ನಲ್ಲಿ ಸಾಮಾನ್ಯವಾಗಿ 8 ಇಲ್ಲವೇ 16 ಚಿಪ್‌ಗಳಿರುತ್ತವೆ. ನಿಮ್ಮ ಮೊದಲ ತಲೆಮಾರಿನ ಕಂಟ್ರೋಲರ್‌ಗೆ ಒಪ್ಪಿಗೆಯಾಗುವುದು 2 ಗಿಗಾಬಿಟ್ ಚಿಪ್, ಅಂದರೆ ಒಂದಕ್ಕೆ 256 ಎಂಬಿ. ಅಂಥ 16 ಸೇರಿದರೆ 4 ಜಿಬಿ. ಎರಡು ಸ್ಲಾಟ್‌ಗೆ 8 ಜಿಬಿಯೇ ಕೊನೆ. ಎರಡರಿಂದ ನಾಲ್ಕನೆಯ ತಲೆಮಾರಿನವರೆಗೆ 4 ಗಿಗಾಬಿಟ್ ಚಿಪ್ ನಡೆಯುತ್ತದೆ, ಆದ್ದರಿಂದ ಸ್ಟಿಕ್ ಒಂದಕ್ಕೆ 8 ಜಿಬಿ. 8 ಗಿಗಾಬಿಟ್ ಚಿಪ್‌ಗಳ 16 ಜಿಬಿ ಡಿಡಿಆರ್3ಎಲ್ ಸ್ಟಿಕ್‌ಗೆ ಇಂಟೆಲ್‌ನಲ್ಲಿ ಐದನೆಯ ತಲೆಮಾರು ಬೇಕು. ನಿಮ್ಮ 8 ಜಿಬಿ ಸ್ಟಿಕ್ ಗೆಳೆಯರಲ್ಲಿ ಓಡಿ ನಿಮ್ಮಲ್ಲಿ ಓಡದಿರುವುದಕ್ಕೆ ಕಾರಣ ಇಷ್ಟೇ.

ಆ 4 ಜಿಬಿಯದು ಅರ್ಧ ಕಾಣಿಸಿದ್ದೂ ಇದೇ ಕಥೆ. ಅದರಲ್ಲಿ ಚಿಪ್‌ಗಳನ್ನು ಎಣಿಸಿ ನೋಡಿ. ಎರಡೂ ಮಗ್ಗುಲು ಸೇರಿ ಎಂಟೇ ಇದ್ದರೆ ಒಂದೊಂದೂ 4 ಗಿಗಾಬಿಟ್‌ನದು. ಪ್ರತಿ ಚಿಪ್‌ನ ಅರ್ಧವನ್ನಷ್ಟೇ ನಿಮ್ಮ ಕಂಟ್ರೋಲರ್ ತಲುಪುತ್ತಿದೆ. ಲೇಬಲ್ ಮೇಲೆ ‘1ಆರ್×8’ ಎಂದಿರುತ್ತದೆ. ನಿಮಗೆ ಬೇಕಾದದ್ದು ‘2ಆರ್×8’ ಎಂದು ಬರೆದ, 16 ಚಿಪ್‌ಗಳಿರುವ 4 ಜಿಬಿ ಸ್ಟಿಕ್. ಹಳೆಯ ಯಂತ್ರಕ್ಕೆ ಕೊಳ್ಳುವಾಗ ವೇಗದ ಅಂಕಿಗಿಂತ ಮೊದಲು ಇದನ್ನು ನೋಡಿ.

ಇದರ ಜೊತೆಗೇ ಹೇಳಿಬಿಡಬೇಕಾದ ಎಡವುವ ಇನ್ನೊಂದು ಜಾಗ: ಡಿಡಿಆರ್3 ಮತ್ತು ಡಿಡಿಆರ್3ಎಲ್. ಎರಡಕ್ಕೂ 204 ಪಿನ್, ಕಚ್ಚು ಒಂದೇ ಜಾಗದಲ್ಲಿ, ಸ್ಲಾಟ್‌ಗೆ ಸಲೀಸಾಗಿ ಕೂರುತ್ತವೆ. ಆದರೆ ಮೊದಲನೆಯದಕ್ಕೆ 1.5 ವೋಲ್ಟ್ ಬೇಕು, ಎಲ್ ಇರುವುದು 1.35ರಲ್ಲೂ ಓಡುತ್ತದೆ. ನಾಲ್ಕನೆಯ ತಲೆಮಾರಿನಿಂದೀಚೆಗೆ ಬಹುತೇಕ ಲ್ಯಾಪ್‌ಟಾಪ್‌ಗಳು 1.35 ಮಾತ್ರ ಕೊಡುತ್ತವೆ, ಅಲ್ಲಿ ಎಲ್ ಇಲ್ಲದ ಸ್ಟಿಕ್ ಹಾಕಿದರೆ ತೆರೆ ಕಪ್ಪು. ಎಲ್ ಇರುವುದನ್ನು ಹಳೆಯ 1.5 ವೋಲ್ಟ್ ಯಂತ್ರಕ್ಕೆ ಹಾಕಬಹುದು. ಲೇಬಲ್‌ನಲ್ಲಿ ‘ಪಿಸಿ3ಎಲ್’ ಎಂದು ನೋಡಿಕೊಂಡರೆ ಆಯಿತು. ಡಿಡಿಆರ್4ಗೆ 260 ಪಿನ್, ಡಿಡಿಆರ್5ಗೆ 262. ಅವುಗಳ ಕಚ್ಚೇ ಬೇರೆ, ತಪ್ಪಿ ಹಾಕಲು ಆಗುವುದಿಲ್ಲ, ಬಲವಂತ ಮಾಡದಿದ್ದರೆ.

ಪ್ರಶ್ನೆ: ಬೋರ್ಡ್‌ಗೆ ಬೆಸೆದ 4 ಜಿಬಿ ಇದೆ, ಒಂದು ಸ್ಲಾಟ್ ಇದೆ. ಅದಕ್ಕೆ 16 ಜಿಬಿ ಹಾಕಿದರೆ ದೊಡ್ಡದು ಚಿಕ್ಕದರ ಅಳತೆಗೆ ಕುಗ್ಗಿ 8 ಜಿಬಿ ಮಾತ್ರ ಸಿಗುತ್ತದೆ ಎನ್ನುತ್ತಾರೆ. ನಿಜವೆ?

ಉತ್ತರ: ಸುಳ್ಳು. ಕುಗ್ಗುವುದು ವೇಗ, ಗಾತ್ರವಲ್ಲ. ನಿಮ್ಮ ಮಾದರಿಯ ಸ್ಲಾಟ್ 16 ಜಿಬಿ ಸ್ಟಿಕ್ಕನ್ನು ಒಪ್ಪುವುದಾದರೆ 20 ಜಿಬಿಯೂ ಸಿಗುತ್ತದೆ. ಎರಡು ಕಡೆಯ ನಾಲ್ಕು ನಾಲ್ಕು ಜಿಬಿ ಜೋಡಿಯಾಗಿ ಎರಡು ಚಾನೆಲ್‌ನಲ್ಲಿ ಓಡುತ್ತದೆ, ಉಳಿದ 12 ಒಂಟಿ ಚಾನೆಲ್‌ನಲ್ಲಿ. ಎರಡರ ವೇಗ ಬೇರೆಯಿದ್ದರೆ ನಿಧಾನದ್ದರ ಹೆಜ್ಜೆಗೆ ಇನ್ನೊಂದೂ ನಡೆಯುತ್ತದೆ.

ಪ್ರಶ್ನೆ: 16 ಜಿಬಿಯೂ ಸಿಗುತ್ತಿದೆ. ಆದರೆ ರಿಸೋರ್ಸ್ ಮಾನಿಟರ್‌ನಲ್ಲಿ ‘ಫ್ರೀ’ ಎಂಬ ಜಾಗದಲ್ಲಿ 300 ಎಂಬಿ ಕೂಡ ಇರುವುದಿಲ್ಲ. ಮೆಮೊರಿ ಖಾಲಿ ಮಾಡುವ ಕ್ಲೀನರ್ ತಂತ್ರಾಂಶ ಹಾಕಲೆ?

ಉತ್ತರ: ಬೇಡ. ಅದರ ಪಕ್ಕದಲ್ಲೇ ಇರುವ ‘ಸ್ಟ್ಯಾಂಡ್‌ಬೈ’ ಅಂಕಿ ನೋಡಿ, ಹಲವು ಜಿಬಿ ಇರುತ್ತದೆ. ಒಮ್ಮೆ ಓದಿದ ಫೈಲ್‌ಗಳನ್ನು ವಿಂಡೋಸ್ ಮತ್ತೆ ಬೇಕಾದೀತೆಂದು ಅಲ್ಲಿ ಇಟ್ಟುಕೊಂಡಿರುತ್ತದೆ. ಯಾವುದಾದರೂ ಪ್ರೋಗ್ರಾಂ ಜಾಗ ಕೇಳಿದ ಕ್ಷಣ ಬಿಟ್ಟುಕೊಡುತ್ತದೆ. ನೀವು ನೋಡಬೇಕಾದದ್ದು ‘ಅವೈಲಬಲ್’ ಎಂಬುದನ್ನು. ಅದು ಸ್ಟ್ಯಾಂಡ್‌ಬೈ ಮತ್ತು ಫ್ರೀ ಎರಡರ ಮೊತ್ತ. ಕ್ಲೀನರ್ ಮಾಡುವುದೆಂದರೆ ಜೋಡಿಸಿಟ್ಟ ಕಪಾಟನ್ನು ಬರಿದು ಮಾಡಿ, ಅದೇ ವಸ್ತುಗಳನ್ನು ಡಿಸ್ಕ್‌ನಿಂದ ಮತ್ತೆ ಹೊತ್ತು ತರಿಸುವುದು. ‘ಅವೈಲಬಲ್’ ಕೂಡ ಸದಾ ಒಂದು ಜಿಬಿಯ ಕೆಳಗೇ ಇದ್ದರೆ ಮಾತ್ರ ಯಾವ ಪ್ರೋಗ್ರಾಂ ನುಂಗುತ್ತಿದೆ ಎಂದು ಹುಡುಕಿ.

ಪ್ರಶ್ನೆ: 32 ಜಿಬಿ ಇದೆ, ಎಲ್ಲವೂ ಯೂಸಬಲ್. ಆದರೂ ದೊಡ್ಡ ಎಕ್ಸೆಲ್ ಫೈಲ್ ತೆರೆದರೆ ಮೆಮೊರಿ ಸಾಲದು ಎನ್ನುತ್ತದೆ. ಆಗ ಟಾಸ್ಕ್ ಮ್ಯಾನೇಜರ್‌ನಲ್ಲಿ 20 ಜಿಬಿ ಖಾಲಿ ಇರುತ್ತದೆ.

ಉತ್ತರ: ಎಕ್ಸೆಲ್‌ನಲ್ಲಿ ಫೈಲ್, ಅಕೌಂಟ್, ಅಬೌಟ್ ಎಕ್ಸೆಲ್ ತೆರೆದು ಮೇಲಿನ ಸಾಲು ಓದಿ. 32-ಬಿಟ್ ಎಂದಿದ್ದರೆ ಕಾರಣ ಸಿಕ್ಕಿತು. ಯಂತ್ರದಲ್ಲಿ ಎಷ್ಟೇ ಇರಲಿ, 32-ಬಿಟ್ ಪ್ರೋಗ್ರಾಂಗೆ ಸಾಮಾನ್ಯವಾಗಿ ಸಿಗುವ ವಿಳಾಸ 2 ಜಿಬಿ. ಎಕ್ಸೆಲ್‌ನ ಈಚಿನ ಆವೃತ್ತಿಗಳಿಗೆ 64-ಬಿಟ್ ವಿಂಡೋಸ್ ಮೇಲೆ 4 ಜಿಬಿ. ಆಫೀಸನ್ನು ಪೂರ್ತಿ ತೆಗೆದು 64-ಬಿಟ್ ಆವೃತ್ತಿ ಹಾಕಿ. ಎರಡನ್ನೂ ಬೆರೆಸಿ ಇಡಲು ಬರುವುದಿಲ್ಲ. 32-ಬಿಟ್‌ಗೆಂದೇ ಬರೆದ ಆಡ್-ಇನ್ ಮತ್ತು ಹಳೆಯ ಮ್ಯಾಕ್ರೊಗಳು ಇದ್ದರೆ ಮೊದಲು ಅವುಗಳ ಪಟ್ಟಿ ಮಾಡಿ. ವಿಂಡೋಸ್‌ನ ಒಳಕರೆಗಳನ್ನು ‘ಡಿಕ್ಲೇರ್’ ಎಂದು ಕರೆಯುವ ಮ್ಯಾಕ್ರೊಗಳಲ್ಲಿ ‘ಪಿಟಿಆರ್‌ಸೇಫ್’ ಎಂಬ ಪದ ಸೇರಿಸದೆ ಅವು 64-ಬಿಟ್‌ನಲ್ಲಿ ಓಡವು.

ಪ್ರಶ್ನೆ: ಉಬುಂಟು ಬಳಸುತ್ತೇನೆ. 8 ಜಿಬಿ ಇದ್ದರೂ ‘ಫ್ರೀ’ ಆದೇಶ 3.7 ತೋರಿಸುತ್ತದೆ. ಬಯಾಸ್‌ನಲ್ಲಿ 8192 ಇದೆ. ಬೇರೆ ಪೆನ್‌ಡ್ರೈವ್‌ನಿಂದ ಲೈವ್ ಆಗಿ (ಡಿಸ್ಕ್‌ನಲ್ಲಿರುವ ಉಬುಂಟು ಮುಟ್ಟದೆ) ಬೂಟ್ ಮಾಡಿದರೆ 7.6 ಬರುತ್ತದೆ.

ಉತ್ತರ: ಲೈವ್ ಬೂಟ್‌ನಲ್ಲಿ ಬರುವುದರಿಂದ ಸ್ಟಿಕ್, ಸ್ಲಾಟ್, ಬಯಾಸ್ ಮೂರೂ ಪಾಸಾದವು. ನಿಮ್ಮ ಇನ್‌ಸ್ಟಾಲೇಷನ್‌ನ ಬೂಟ್ ಸಾಲಿನಲ್ಲಿ (ಶುರುವಾಗುವಾಗ ಉಬುಂಟುಗೆ ಕೊಡುವ ಸೂಚನೆಗಳ ಸಾಲು) ಯಾರೋ ಬೇಲಿ ಹಾಕಿದ್ದಾರೆ. ‘ಪ್ರೊಕ್’ ಫೋಲ್ಡರಿನ ‘ಸಿಎಂಡಿಲೈನ್’ ಎಂಬ ಫೈಲ್ ತೆರೆದು ‘ಮೆಮ್=’ ಎಂದು ಶುರುವಾಗುವ ಪದ ಇದೆಯೇ ನೋಡಿ. ಇದ್ದರೆ, ‘ಇಟಿಸಿ’ಯೊಳಗಿನ ‘ಡೀಫಾಲ್ಟ್’ ಫೋಲ್ಡರಿನಲ್ಲಿರುವ ‘ಗ್ರಬ್’ ಫೈಲ್‌ನಿಂದ ಅದನ್ನು ಅಳಿಸಿ, ಅಡ್ಮಿನ್ ಹಕ್ಕಿನಲ್ಲಿ ‘ಅಪ್‌ಡೇಟ್-ಗ್ರಬ್’ ಓಡಿಸಿ ರೀಸ್ಟಾರ್ಟ್ ಮಾಡಿ. ಅಳಿಸುವ ಮೊದಲು ಅದನ್ನು ಯಾರಾದರೂ ಬೇಕೆಂದೇ ಹಾಕಿದ್ದರೇ ಎಂದು ಯೋಚಿಸಿ: ಮೆಮೊರಿಯ ಮೇಲಿನ ಭಾಗದಲ್ಲಿ ದೋಷ ಇದ್ದಾಗ ಅದನ್ನು ಮುಟ್ಟದಿರಲು ಹೀಗೆ ಮಾಡುವುದುಂಟು. ಅನುಮಾನವಿದ್ದರೆ ಮೆಮ್‌ಟೆಸ್ಟ್86+ ಅನ್ನು ರಾತ್ರಿಯಿಡೀ, ಕನಿಷ್ಠ ನಾಲ್ಕು ಸುತ್ತು ಓಡಲು ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ಸ್ಟಿಕ್‌ಗಳನ್ನು ಬೇರ್ಪಡಿಸಿ ಒಂದೊಂದಾಗಿ ಪರೀಕ್ಷಿಸಿ. ತಪ್ಪಿತಸ್ಥ ಸಿಕ್ಕಿದ ಮೇಲೆ ಅದನ್ನು ತೆಗೆದೇ ಬೇಲಿ ಕೀಳಬೇಕು.